ಬೀರುವಿನ ಕೀಲಿ

ವಡಾಲದ ನಮ್ಮ ಮುನಿಸಿಪಾಲಿಟಿ ಶಾಲೆಗೆ
ಟ್ಯಾಬು ಬಂದು ಹದಿನಾಲ್ಕು ತಿಂಗಳು.
ಇಪ್ಪತ್ತು ಟ್ಯಾಬು, ಒಂದು ಬೀರು, ಒಂದೇ ಕೀಲಿ,
ಕೀಲಿಗೊಂದು ರಿಜಿಸ್ಟರು:
'ಒಡೆದರೆ ಸಂಬಳದಲ್ಲಿ ಕಡಿತ.'
ಅಷ್ಟು ಮಾತ್ರ ಅಚ್ಚ ಕನ್ನಡದಲ್ಲಿತ್ತು.

ದಾದರಿನಲ್ಲಿ ತರಬೇತಿ, ಎರಡು ದಿನ, ವಡಾಪಾವ್ ಸಹಿತ.
ಹುಡುಗ ಚುರುಕು. ಪರದೆಯ ಮೇಲೆ ಪರದೆ ಸರಿಸಿದ,
ಮೌಸು ಮಾತ್ರ ಯಾರ ಕೈಗೂ ಕೊಡಲಿಲ್ಲ.
ಕೊನೆಗೆ, ಡೌಟು ಇದೆಯೇ ಅಂದ.
ಐವತ್ಮೂರರ ಹೆಂಗಸು ನಾನು, ನೂರು ಜನರೆದುರು
ಆನ್ ಮಾಡುವುದು ಎಲ್ಲಿ ಎಂದು ಕೇಳಲೆ?
ಹಾಜರಿಗೆ ಸಹಿ ಹಾಕಿ ಲೋಕಲ್ ಹಿಡಿದೆ.

ವರದಿಯಲ್ಲಿ ಬರೆದರಂತೆ: ಇಂದುಮತಿ ಶೇರಿಗಾರ್,
ಕನ್ನಡ ವಿಭಾಗ. ಆಸಕ್ತಿ ಕಡಿಮೆ.

ಕಡಿಮೆಯೆ? ಮೊದಲ ವಾರವೇ ತೆರೆದಿದ್ದೆ ಸ್ವಾಮಿ,
ಬಾಗಿಲು ಮುಂದೆ ಮಾಡಿಕೊಂಡು, ಒಬ್ಬಳೇ.
'ಅಕ್ಷರ' ಎಂದು ಒತ್ತಿದೆ:
ಅ, ಒಂದು ಖಾಲಿ ಚೌಕ, ರ.
ಒತ್ತಕ್ಷರಕ್ಕೆ ನಿಲ್ಲಲು ಜಾಗವಿಲ್ಲದ ಮನೆಗೆ
ಈ ಮಕ್ಕಳನ್ನು ಹೇಗೆ ಕರೆದೊಯ್ಯಲಿ?
ಮುಚ್ಚಿಟ್ಟೆ. ಯಾರಿಗೂ ಹೇಳಲಿಲ್ಲ.
ತಪ್ಪು ನನ್ನ ಬೆರಳಿನದೇ ಇದ್ದರೆ?

ಆಮೇಲೆ ಮರಾಠಿ ವಿಭಾಗಕ್ಕೆ ಶಲಾಕಾ ಬಂದಳು.
ಶಾಲೆ ಬಿಟ್ಟ ಮೇಲೆ ಎರಡು ಕಟಿಂಗ್ ಚಹಾ ಹಿಡಿದು
ನನ್ನ ಬೆಂಚಿನ ಮೇಲೇ ಕೂತು,
'ಬಾಯಿ, ನಿನ್ನೆ ಇಡೀ ವರ್ಗದ ಮಾರ್ಕು ಅಳಿಸಿಬಿಟ್ಟೆ'
ಎಂದು ನಕ್ಕಳು.
ಆ ನಗುವಿಗೆ ನನ್ನ ಬಾಯಿಂದಲೂ ಬಿತ್ತು ಚೌಕದ ಸುದ್ದಿ.
ಫಾಂಟಂತೆ ಅದು. ಸಿಗಲು ಮೂರು ಸಂಜೆ ಬೇಕಾಯಿತು;
ನಡುವೆ ಕರೆಂಟು ಹೋದಾಗ
ಬಂಗುಡೆಯ ರೇಟು ಮಾತಾಡಿದೆವು.

ನಾಲ್ಕನೆಯ ದಿನ, ಐದನೇ ಇಯತ್ತೆ.
ಯಾದಗಿರಿ ಕಡೆಯ ಸಾಬವ್ವ, ಕಡೆಯ ಬೆಂಚಿನವಳು,
ಎದ್ದು ಬಂದು ಮುಂದೆ ಕೂತಳು.
ಬೆರಳಲ್ಲಿ ಕ್ಷ ಬರೆದಳು, ಅಳಿಸಿದಳು, ಬರೆದಳು.
'ಬಾಯಾರ, ಇದನ್ನ ಅಳಿಸಿದ್ರ ಧೂಳಾ ಏಳೂದಿಲ್ಲ ನೋಡ್ರಿ.'
ಉಬ್ಬಸದ ಹುಡುಗಿ.
ನಾಲ್ಕು ವರ್ಷ ನನ್ನ ಬಳಪದಿಂದ
ಅಷ್ಟು ದೂರ ಕೂತಿದ್ದಳು.

ಕೀಲಿ ಈಗ ನನ್ನ ಪರ್ಸಿನಲ್ಲಿದೆ.
ಸಹಿ ಹಾಕುವಾಗ ಇನ್ನೂ ಕೈ ನಡುಗುತ್ತದೆ.
ಆ ಸಂಜೆ ಅವಳ ಹಳೆಯ ಪ್ರಗತಿಪತ್ರ ತೆಗೆದು ನೋಡಿದೆ.
ನನ್ನದೇ ದುಂಡು ಅಕ್ಷರ, ಒತ್ತು ದೀರ್ಘ ಎಲ್ಲ ಸರಿಯಾಗಿ:
ಆಸಕ್ತಿ ಕಡಿಮೆ.