ಒಂಬತ್ತನೆಯದು

ಪುಸ್ತಕದಲ್ಲಿ ಎಂಟು.
ಚೀಲದೊಳಗೆ ಒಂಬತ್ತು.

ಬಂಗಾರಪೇಟೆ, ಸ್ಟೇಷನ್ ರಸ್ತೆ, ಮಹಡಿಯ ಮೇಲಿನ ಅಡವಿನ ಅಂಗಡಿ,
ಸಂಜೆ ಐದೂವರೆ. ಮ್ಯಾನೇಜರು ಕಾಫಿಗೆ ಇಳಿದಿದ್ದಾರೆ.
ಮಾರಿಕುಪ್ಪಂ ಗಾಡಿ ಕೂಗಿ ಹೋಯಿತು.
ತಕ್ಕಡಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಮೂಗುಬೊಟ್ಟು,
ಬಿಳಿ ಕಲ್ಲು, ಹಿಂದಿನ ತಿರುಪು ಸವೆದದ್ದು,
ಮುಕ್ಕಾಲು ಗ್ರಾಮೂ ಇಲ್ಲ.

ತಬಿತಮ್ಮನದು. ಓಲೆಯ ಸಂದಿಗೆ ಸಿಕ್ಕಿಕೊಂಡು ಬಂದಿರಬೇಕು,
ಬರೆದುಕೊಳ್ಳುವಾಗ ನನಗೂ ಕಾಣಲಿಲ್ಲ, ಅವಳಿಗೂ.
ಮೊನ್ನೆ ಮಂಗಳವಾರ ಅವಳನ್ನು ಮಣ್ಣು ಮಾಡಿ ಬಂದೆವು.
ಹಾಡುವವರ ಮುಂದಿನ ಸಾಲಿನಲ್ಲಿ ನಾನಿದ್ದೆ, ಅತ್ತೂ ಇದ್ದೆ.
ನಾಳೆ ಅವಳ ತಮ್ಮ ಬಿಡಿಸಿಕೊಳ್ಳಲು ಬರುತ್ತಾನೆ,
ಎಂಟು ಎಣಿಸಿ, ಸಹಿ ಹಾಕಿ, ಎಂಟು ಒಯ್ಯುತ್ತಾನೆ.
ಯಾರ ಲೆಕ್ಕವೂ ತಪ್ಪುವುದಿಲ್ಲ.
ಗೋಡೆಯ ಕ್ಯಾಮೆರಾ ನೋಡುವುದು ಬಾಗಿಲನ್ನು,
ನನ್ನ ಬೆರಳನ್ನಲ್ಲ.

ಆಸೆ ಕೊಂಬು ಬಾಲ ಇಟ್ಟುಕೊಂಡು ಬರುವುದಿಲ್ಲ.
ತುಂಬ ಮರ್ಯಾದಸ್ತ ಅದು. ಪಕ್ಕದಲ್ಲಿ ಕೂತು ಲೆಕ್ಕ ಹೇಳುತ್ತದೆ:
ಮಗಳ ಬಸ್ ಪಾಸು, ಗ್ಯಾಸಿನವನ ಬಾಕಿ,
ನನ್ನ ಕನ್ನಡಕದ ಕಡ್ಡಿಗೆ ಸುತ್ತಿದ ದಾರ.
"ಸತ್ತವಳಿಗೆ ಮೂಗೆಲ್ಲಿ, ಕೃಪಾ?" ಎನ್ನುತ್ತದೆ,
ನನ್ನದೇ ದನಿಯಲ್ಲಿ.

ಪರಲೋಕವನ್ನು ನೆನೆಯಿರಿ ಎಂದಿದ್ದರು ಭಾನುವಾರ ಅಯ್ಯನವರು.
ನೆನೆದೆ. ಮೋಡ. ರೆಕ್ಕೆ. ಕ್ಯಾಲೆಂಡರಿನ ನೀಲಿ.
ಏನೂ ಆಗಲಿಲ್ಲ. ಬೆರಳು ಇದ್ದಲ್ಲೇ ಇತ್ತು,
ತಿರುಪಿನ ಮೇಲೆ.

ಆಮೇಲೆ ತಾತ ಬಂದ.

ಚಾಂಪಿಯನ್ ರೀಫಿನ ತಳದಲ್ಲಿ ಇಪ್ಪತ್ತೊಂಬತ್ತು ವರ್ಷ
ಕಲ್ಲು ಕೊರೆದವನು. ಮೇಲೆ ಬಂದಾಗಲೆಲ್ಲ ಗೇಟಿನಲ್ಲಿ ತಪಾಸಣೆ:
ಬಾಯಿ ತೆರೆ, ನಾಲಗೆ ಎತ್ತು,
ಕೂದಲು ಕೆದರು, ಬುತ್ತಿ ಡಬ್ಬಿ ಮಗುಚು.
ಒಂದು ದಿನವೂ ಒಂದು ಹರಳೂ ಸಿಕ್ಕಲಿಲ್ಲ ಅವನ ಹತ್ತಿರ.
ಮಾರನೆಯ ದಿನ ಮತ್ತೆ: ಬಾಯಿ ತೆರೆ.

ರಾತ್ರಿ, ಕೆಮ್ಮಿನ ನಡುವೆ, ಆ ಊರಿನ ಸುದ್ದಿ ಹೇಳುತ್ತಿದ್ದ,
ಹೋಗಿಬಂದವನ ಹಾಗಲ್ಲ,
ಟಿಕೆಟ್ಟು ತೆಗೆಸಿಟ್ಟುಕೊಂಡವನ ಹಾಗೆ:
"ಅಲ್ಲಿ ಬೀದಿಗೆಲ್ಲ ಅದನ್ನೇ ಹಾಸವ್ರಂತೆ ಮಗಾ,
ನಾವು ಇಲ್ಲಿ ಯಾವುದಕ್ಕೆ ಬಾಯಿ ತೆರೀತೀವೋ ಅದನ್ನೇ.
ಹುಡುಗ್ರು ಅದರ ಮೇಲೆ ಕುಂಟೆಬಿಲ್ಲೆ ಆಡ್ತಾವೆ.
ಗೇಟು ಐತೆ. ಮುಚ್ಚಲ್ಲ.
ತಪಾಸಣೆ ಮಾಡೋನು ಒಬ್ಬನೂ ಇಲ್ಲ."

ಕೇಳಿದ್ದೆ: ಅಷ್ಟು ವರ್ಷ ಅದರ ನಡುವೆಯೇ ಇದ್ದೆಯಲ್ಲ,
ಒಂದು ಚೂರು ಬೇಕು ಅನ್ನಿಸಲಿಲ್ಲವಾ?
ನಕ್ಕ. ನಗು ಕೆಮ್ಮಾಯಿತು.
"ದಿನಾ ಅನ್ನಿಸ್ತಿತ್ತು.
ಆದ್ರೆ ರಸ್ತೆ ಜಲ್ಲಿ ಕದ್ದು ಬಾಯಲ್ಲಿಟ್ಕೊಂಡು
ಅಪ್ಪನ ಮನೆಗೆ ಹೋದ್ರೆ
ಮಾತಾಡ್ಸಿದಾಗ ಏನು ಮಾಡ್ಲಿ?"

ಈಗ ಆ ಬೀದಿ ಕಾಣುತ್ತದೆ, ಮೋಡವಿಲ್ಲದೆ.
ತಬಿತಮ್ಮ ಎದುರಿಗೆ ಬರುತ್ತಾಳೆ,
ಬರಿಗಾಲು, ಬರಿ ಮೂಗು, ಅಂಗಾಲಿಗೆ ಹಳದಿ ಧೂಳು.
"ಮಗಳು ಹೇಗಿದ್ದಾಳೆ ಕೃಪಾ?" ಎನ್ನುತ್ತಾಳೆ.
ಮೂಗುಬೊಟ್ಟಿನ ಮಾತೇ ಎತ್ತುವುದಿಲ್ಲ.

ನರಕದ ಬೆಂಕಿಗೆ ನಾನು ಅಷ್ಟೇನೂ ಹೆದರಿದವಳಲ್ಲ.
ಈ ಕುಶಲಪ್ರಶ್ನೆಗೆ ಹೆದರಿದೆ.

ಕೆಂಪು ಇಂಕಿನಲ್ಲಿ ಬರೆದೆ: ಒಂಬತ್ತು.
ಮ್ಯಾನೇಜರು ಬಂದವರು ಬೈದರು,
ಪುಸ್ತಕ ತಿದ್ದಿದ್ದಕ್ಕೆ, ಹೆಡ್ಡಾಫೀಸಿಗೆ ಉತ್ತರ ಕೊಡೋರು ಯಾರು ಎಂದು.
ನಾನು ಬಾಯಿ ತೆರೆಯಲಿಲ್ಲ.

ನಾಳೆ ಇನ್ನೊಂದು ಚೀಲ ಬಿಚ್ಚಬೇಕು.
ಅದೂ ಬರುತ್ತದೆ, ಪಕ್ಕದಲ್ಲಿ ಕೂರುತ್ತದೆ,
ಕನ್ನಡಕದ ದಾರ ಇನ್ನೂ ಇರುತ್ತದೆ.

ಮೆಟ್ಟಿಲಿಳಿದರೆ ಪೈಪಿಗೆಂದು ರಸ್ತೆ ಅಗೆದಿದ್ದರು.
ಚಪ್ಪಲಿಯೊಳಗೆ ಜಲ್ಲಿ ಹೊಕ್ಕಿತು.
ಕಂಬ ಹಿಡಿದು, ಒಂದೇ ಕಾಲಲ್ಲಿ ನಿಂತು
ಕೊಡವಿದೆ.