ಮ್ಯಾಲಿನ ಖೋಲಿಯಂವ

ಅವನ ಹೆಸರು ನಮ್ಮ ನಾಲಿಗಿಗೆ ಹತ್ತಲಿಲ್ಲ.
ವೊಯ್ತ್ಯೆಖ್ ಅಂತ ಮೂರು ಸಲ ಹೇಳಿದ,
ಕಾರಖಾನಿ ಹುಡುಗರು ವೈತಾಗ ಅಂದ್ರು.
ವೈತಾಗ ಅಂದ್ರ ಮರಾಠ್ಯಾಗ ತಲಿಬ್ಯಾನಿ, ಸಾಕಾಗಿ ಹೋಗೂದು.
ಅವನಿಗೆ ಯಾರೂ ಹೇಳಲಿಲ್ಲ.
ವೈತಾಗ ಸಾಹೇಬ ಅಂತ ಕರದ್ರ
ಕೈ ಎತ್ತಿ ನಗತಿದ್ದ.

ಅಕ್ಕಲಕೋಟ ರೋಡಿನ ಟಾವೆಲ್ ಕಾರಖಾನಿಗೆ
ನಾಕು ಹೊಸಾ ಮಗ್ಗ ಬಂದಿದ್ವು, ಹಡಗಿನ್ಯಾಗ.
ಅವನ್ನ ಕೂಡಸಾಕ ಅಂವ ಬಂದಿದ್ದ, ವಿಮಾನದಾಗ.
ಮೂರು ತಿಂಗಳ ಕರಾರು.
ಹೋಟೆಲಿನ ಎಣ್ಣಿ ಹೊಟ್ಟಿಗೆ ಒಗ್ಗವಲ್ದು ಅಂತ
ಶೇಠ್ ನಮ್ಮ ಮ್ಯಾಲಿನ ಖೋಲಿ ಕೇಳಿದ.
ಕೊಟ್ಟೆ. ಬಾಡಿಗಿ ಛಲೋ ಇತ್ತು, ಸುಳ್ಳ್ಯಾಕ ಹೇಳ್ಲಿ.

ಪೊಲೀಸ್ ಠಾಣ್ಯಾಗ ಒಂದು ಫಾರಂ.
ಪರದೇಶಿಯಂವನ್ನ ಮನ್ಯಾಗ ಇಟಗೊಂಡ್ರ ತುಂಬಬೇಕಂತ.
ಹವಾಲದಾರ ಮರಾಠ್ಯಾಗ ಕೇಳಿದ, ನಾನು ಮರಾಠ್ಯಾಗ ಹೇಳಿದೆ,
ಸಹಿ ಮಾತ್ರ ಕನ್ನಡದಾಗ ಮಾಡಿದೆ:
ನೀಲವ್ವ ಸಿದ್ರಾಮ ಬಿಜ್ಜರಗಿ.
ಅಂವ ಕಾಗದ ತಿರುಗಿಸಿ ನೋಡಿ
"ಪರದೇಶಿ ಯಾರು, ಇವರೋ ನೀವೋ?" ಅಂದ.
ಚ್ಯಾಷ್ಟಿಗೆ ಅಂದದ್ದು. ನಾನೂ ನಕ್ಕೆ.
ಮನಿಗೆ ಬಂದು ಎರಡು ಸಲ ಕೈ ತೊಳಕೊಂಡೆ, ಶಾಯಿ ಹೋಗಲಿ ಅಂತ.

ನಳಕ್ಕ ಐದು ದಿನಕ್ಕೊಮ್ಮೆ ನೀರು.
ಮೊದಲನೇ ವಾರ ದಿನಾ ಎರಡು ಸಲ ಜಳಕಾ ಮಾಡಿದಂವ
ಮೂರನೇ ವಾರಕ್ಕ ನಮಗಿಂತ ಮೊದಲ ಎದ್ದು
ಕೊಡ ಸಾಲಿಗೆ ಇಡತಿದ್ದ, ಬಕೀಟು, ಡಬರಿ,
ಕಡೀಗೆ ಚಾದ ಕಪ್ಪು ಸೈತ.
ಕಟಿ ರೊಟ್ಟಿ ಕೊಟ್ಟಾಗ ತಾಟು ಅಂತ ತಿಳದು
ಅದರ ಮ್ಯಾಲ ಅನ್ನ ನೀಡಸಕೊಂಡ.
ಆಮ್ಯಾಲ ಬೆರಳಲೆ ಬಾರಿಸಿ ನೋಡಿದ, ಮಗ್ಗದ ಸಾಮಾನು ನೋಡಿದಂಗ.
ಶೇಂಗಾ ಹಿಂಡಿಗೆ ಕಣ್ಣಾಗ ನೀರು ತಂದ, ಮತ್ತ ಬೇಡಿದ.

ಅವನ ಹತ್ರ ಒಂದು ಸಣ್ಣ ವಹಿ.
ನಾನು ನೀರು ಅಂದದ್ದು ಬರಕೊಂಡ.
ವಾಚಮನ್ ಪಾಣೀ ಅಂದದ್ದು ಬರಕೊಂಡ.
ನೂಲು ಸುತ್ತೂ ಪದ್ಮಶಾಲಿ ಹೆಣ್ಮಕ್ಕಳು
ನೀಳ್ಳು ಅಂದದ್ದೂ ಬರಕೊಂಡ.
ಒಂದ ಭಾಷಾ, ಅದರಾಗ ಮೂರು ನಮೂನಿ ನೀರು ಅಂತ ತಿಳಕೊಂಡಿದ್ದ:
ಕೊಡದ್ದು, ಬಾಟಲಿದು, ರಂಜಣಗಿದು.
ತಿದ್ದಬೇಕು ಅಂದೆ. ತಿದ್ದಲಿಲ್ಲ.
ಲಗ್ನಾಗಿ ಬಂದಾಗ ನಾನೂ ಹಂಗ ಕಲತಿದ್ದೆ.
ವೈತಾಗ ಅನ್ನೂದರ ಮುಂದ ಏನೋ ಗೀಚಿದ್ದ, ಅವರ ಅಕ್ಷರದಾಗ.
ನನಗ ಓದಾಕ ಬರಲಿಲ್ಲ.

ನಮ್ಮವರು ಮೂವತ್ತೊಂದು ವರ್ಷ ಪಾವರಲೂಮಿನ್ಯಾಗ ದುಡದವರು.
ಕಿವಿ ಅಲ್ಲೇ ಬಿಟ್ಟು ಬಂದಾರ.
ನನ್ನ ಮಾತು ಅವರಿಗೆ ತುಟಿ ಅಲ್ಲಾಡೂದು ಅಷ್ಟ.
ಸಂಜೀಕ ಪಾವಟಿಗಿ ಮ್ಯಾಲ ಇಬ್ಬರೂ ಕೂಡತಿದ್ರು.
ಗದ್ದಲದಾಗ ನೇಕಾರರು ಆಡೂ ಕೈಮಾತು ಅದಾವಲ್ಲ,
ಎಳಿ ಹರೀತು, ಲಾಳಿ ಖಾಲಿ, ಮುಕಾದಮ ಬಂದ, ಚಾ,
ಅದರಾಗ ಎರಡು ಅವನಿಗೂ ಬರತಿದ್ವು, ತನ್ನ ಊರಿನವು.
ಉಳಿದದ್ದು ನಮ್ಮವರು ಕಲಿಸಿದ್ರು.
ರೊಟ್ಟಿ ಬಡಿಯೂದು ಬಿಟ್ಟು ನಾ ನೋಡತಿದ್ದೆ:
ಇಷ್ಟು ಮಾತು ಇವರ ಹತ್ರ ಇತ್ತಾ?

ಮೂರನೇ ಮಗ್ಗ ಹಟಕ್ಕ ಬಿತ್ತು.
ತಾಸಿಗೊಮ್ಮೆ ಎಳಿ ಹರೀತಿತ್ತು,
ಕಂಪ್ಯೂಟರ್ ಎಲ್ಲಾ ಬರೋಬ್ಬರಿ ಅಂತ ತೋರಸತಿತ್ತು.
ಒಂದು ರಾತ್ರಿ ನಮ್ಮವರನ್ನ ಗಾಡ್ಯಾಗ ಕೂಡಿಸಿಕೊಂಡು ಹೋದ.
ಇವರು ಕಬ್ಬಿಣದ ಮ್ಯಾಲ ಅಂಗೈ ಇಟ್ಟರಂತ, ಕಣ್ಣು ಮುಚ್ಚಿದರಂತ,
ಎರಡು ಬೆರಳು ನಾಲಿಗಿಗೆ ಹಚ್ಚಿ ತಿಕ್ಕಿ ತೋರಿಸಿದರಂತ:
ಹವಾ ಒಣಗೇದ. ನೆಲಕ್ಕ ನೀರು ಹೊಡೀರಿ.
ಯಾವ ನೀರು ಅಂತ ಅಂವ ವಹಿ ತಗದನೋ ಏನೋ.
ಶೇಠ್ ಎರಡು ಟಾವೆಲ್ ಕಳಿಸಿದ. ಒಂದರ ಅಂಚು ಬಿಚ್ಚಿತ್ತು.

ಹೋಗೂ ದಿನ ಮತ್ತ ಫಾರಂ, ಮತ್ತ ಸಹಿ.
ಹುಡುಗರು ಹಾರ ತಂದಿದ್ರು, ವೈತಾಗ ಸಾಹೇಬ ಅಂತ ಒದರಿದ್ರು.
ಗಾಡಿ ತಿರುಗೂ ಮುಂದ ಕಿಡಕಿಯಿಂದ ಕೈ ಹೊರಗ ಹಾಕಿ
ಬೆರಳು ಹಿಂಗ ಹಿಂಗ ಮಾಡಿದ.
ಟಾಟಾ ಅಂತ ತಿಳದು ಎಲ್ಲಾರೂ ಕೈ ಬೀಸಿದ್ರು.
ನಮ್ಮವರು ಬೀಸಲಿಲ್ಲ. ಅವರೂ ಬೆರಳು ಎತ್ತಿ ಏನೋ ಅಂದ್ರು.

ಏನಂದ ಅಂವ, ಅಂತ ಕೇಳಿದೆ.
ಅವರು ರಸ್ತೆದ ಕಡಿ ನೋಡಕೋತ ನಿಂತಿದ್ರು.