ಹೆಚ್ಚಾದ ಕಂಬ

ಮೊದಲ ವಾರ ನಿಂಬೆಹಣ್ಣು.
ಪರದೆಯೊಳಗೊಂದು ಗುಂಡು, ಒತ್ತಿದರೆ ತಗ್ಗು, ಎಳೆದರೆ ತೊಟ್ಟು.
ಮಣ್ಣಿನ ಕ್ಲಾಸಿನಲ್ಲಾದರೆ ಉಗುರಿನೊಳಗೆ
ಸಂಜೆಯ ತನಕ ಏನಾದರೂ ಉಳಿದಿರುತ್ತಿತ್ತು.
ಇಲ್ಲಿ ಕೈ ತೊಳೆಯುವ ಕೆಲಸವಿಲ್ಲ.
ತಪ್ಪಿದರೆ ಎರಡು ಕೀಲಿ ಒಟ್ಟಿಗೆ ಒತ್ತು,
ತಪ್ಪು ಆಗಿರಲೇ ಇಲ್ಲ.
ನಫೀಸಾ ಅಂದಳು: ಈ ಕೀಲಿ ನಮ್ಮ ಮನೆಗೂ ಒಂದು ಬೇಕಿತ್ತು.
ಯಾಕೆಂದು ನಾನು ಕೇಳಲಿಲ್ಲ.

ಆಮೇಲಿನ ಪ್ರಾಜೆಕ್ಟು, ಮನೆಯವರೊಬ್ಬರನ್ನು
ಮೊಬೈಲಿನಿಂದ ಸುತ್ತಿ ತರುವುದು.
ಸೋಲಾಪುರ ರಸ್ತೆಯ ಸೈಟಿನಲ್ಲೇ ಹಿಡಿದೆ ಅಪ್ಪನನ್ನು,
ಸೆಂಟ್ರಿಂಗ್ ಸಿದರಾಯನನ್ನು,
ಎರಡೂ ಕೈ ಮೇಲೆತ್ತಿ ಶೀಟು ಕೂರಿಸುವಾಗ.
'ಅಳ್ಳಾಡಬ್ಯಾಡ' ಎಂದೆ.
'ಅಳ್ಳಾಡಿದ್ರ ತಲಿ ಮ್ಯಾಲ ಬೀಳತೈತಿ' ಎಂದ.
ಐದು ಸುತ್ತು. ಹಣಮಪ್ಪನ ಗುಡಿಗೂ ನಾನು ಹಾಕುವುದು ಮೂರೇ.

ಎಣ್ಣೆ ಬಳಿದ ಶೀಟಿನ ಹೊಳಪು ಕಂಪ್ಯೂಟರಿಗೆ ಕಾಣಲಿಲ್ಲ.
ಶೀಟು ಮಾಯವಾಗಿ ಅಪ್ಪ ಉಳಿದ,
ಹೊತ್ತವನಂತಲ್ಲ, ದೂರದ ಯಾರನ್ನೋ ಕರೆಯುವವನಂತೆ.
ಬೆನ್ನಿಗೊಂದು ತೂತು ಬಿದ್ದಿತ್ತು. ಮುಚ್ಚಿದೆ.

ಬೀಳಗಿ ಮೇಡಂ ಹೇಳಿದರು, ಗಾಳಿಯಲ್ಲಿ ಏನೂ ನಿಲ್ಲುವುದಿಲ್ಲ,
ಚಾಚಿದ ಕೈಗೆ ಸಪೋರ್ಟು ಕೊಡಿ.
ಬಟನ್ ಒತ್ತಿದೆ.
ತೋಳಿನಡಿ ತಾವಾಗಿ ಎದ್ದವು
ಸಣ್ಣ ಕಂಬ, ಅಡ್ಡಪಟ್ಟಿ, ಕತ್ತರಿಗಟ್ಟು.
ನಗು ಬಂತು, ನುಂಗಿಕೊಂಡೆ.
ಈ ಪಾಠ ನನಗೆ ತೊಟ್ಟಿಲಲ್ಲೇ ಆಗಿತ್ತು:
ನೀಲಗಿರಿ ಕಂಬಗಳ ನಡುವೆ ಅವ್ವನ ಸೀರೆ,
ಸೀರೆಯೊಳಗೆ ನಾನು,
ಮೇಲೆ ಇನ್ನೂ ಹಸಿಯಾದ ಸ್ಲ್ಯಾಬು.

ಅಪ್ಪ ಶೀಟಿಗೆ ಹಳೆ ಎಣ್ಣೆ ಬಳಿಯುತ್ತಾನೆ, ಅಂಟದಿರಲಿ ಎಂದು.
ನಾನು ಗಾಜಿಗೆ ಗೋಂದು ಬಳಿದೆ, ಅಂಟಲಿ ಎಂದು.
ಹನ್ನೊಂದು ಮಂದಿಗೆ ಒಂದೇ ಮಷಿನ್ನು, ನನ್ನ ಪಾಳಿ ರಾತ್ರಿಯದು.
ಬಿಸಿ ಮೂತಿಯಿಂದ ಎಳೆ, ಎಳೆಯ ಮೇಲೆ ಎಳೆ,
ಮೊಣಕಾಲಿಗೆ ಬರುವಷ್ಟರಲ್ಲಿ ಕರೆಂಟು ಹೋಯಿತು.
ಎರಡನೆಯ ಸಲ ಎಲ್ಲೋ ಬುಡ ಜಾರಿ
ಬೆಳಗ್ಗೆ ಬಂದರೆ ಮದುವೆಮನೆಗಾಗುವಷ್ಟು ಶಾವಿಗೆ,
ಅದರ ನಡುವೆ ಅಪ್ಪನ ಎರಡು ಕಾಲು.
ಮೂರನೆಯ ಸಲ ನಿಂತ.

ಇಕ್ಕಳದಿಂದ ಕಂಬ ಕೀಳುತ್ತಿದ್ದೆ. ಬುತ್ತಿ ಕೊಡಲು ಬಂದ.
ತನ್ನನ್ನು ತಾನು ಒಮ್ಮೆ ನೋಡಿ
'ಹೊಟ್ಟಿ ದಪ್ಪ ಮಾಡಿ' ಅಂದ, ಅಷ್ಟೇ.
ಆಮೇಲೆ ಕಸದ ಬುಟ್ಟಿಗೆ ಬಗ್ಗಿ
ಕಿತ್ತೆಸೆದ ಕಂಬಗಳ ಗೊಂಚಲೊಂದನ್ನು ಎತ್ತಿ
ಕಿಟಕಿಯ ಬೆಳಕಿಗೆ ಹಿಡಿದ. ತಿರುಗಿಸಿದ. ಮತ್ತೆ ತಿರುಗಿಸಿದ.
'ಯಾರ ಕಟ್ಯಾರ ಇದನ್ನ?'
'ಕಂಪ್ಯೂಟರು.'
'ಹುಡುಗ ಕಲತಾನ. ಆದ್ರ ಇಲ್ಲೊಂದು ಕಂಬ ಹೆಚ್ಚಾತು.
ಭಾರ ಈ ಕಡಿ ಬರೂದಿಲ್ಲ.
ಸುಮ್ನ ನಿಂತೈತಿ, ಪಗಾರಕ್ಕ.'

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆವು.
ಗೋಳಗುಮ್ಮಟ ಕಂಡಲ್ಲಿ, ಪ್ರತಿ ಸಲದಂತೆ, ನಿಂತ.
'ಇದಕ್ಕ ಎಷ್ಟು ಕಂಬ ಕೊಟ್ಟಿದ್ರೋ.
ಬಿಚ್ಚೂ ದಿನ ಕೆಳಗ ಯಾರ ನಿಂತಿದ್ರೋ.'
ತನ್ನ ಸೈಟಿನಲ್ಲಿ ತಾನೇ ನಿಲ್ಲುತ್ತಾನೆ,
ಮಾಲೀಕ ಪೇಢೆ ತರುವ ಮೊದಲು.

ಮರಳಿ ಬಂದು ಆ ಕಂಬ ಅಳಿಸಿ ಲೆಕ್ಕ ಹಾಕಿಸಿದೆ:
ಎರಡು ಗ್ರಾಂ ಉಳಿತಾಯ, ಹನ್ನೊಂದು ನಿಮಿಷ.
ಕೈ ಬೀಳುತ್ತದೋ ಇಲ್ಲವೋ, ನೋಡಲು
ನಾಲ್ಕನೆಯ ಪಾಳಿಗೆ ಹೆಸರು ಬರೆಸಿದೆ.

ಮೇಜಿನ ಮೇಲೆ ಮರಳುಕಾಗದ ಕಾಯುತ್ತಿದೆ.
ಕಂಬ ಕಿತ್ತಲ್ಲೆಲ್ಲ ತೋಳಿನಡಿ ಸಾಲು ಗುಳ್ಳೆ,
ನುಣುಪು ಮಾಡದಿದ್ದರೆ ಐದು ಮಾರ್ಕ್ಸು ಹೋಗುತ್ತವಂತೆ.
ಹೋಗಲಿ ಅನ್ನುವ ಧೈರ್ಯ ನನಗಿಲ್ಲ.
ಎಡಗೈ ಉಜ್ಜಿದೆ.
ಬಲಗೈ ನಾಳೆ ನೋಡೋಣ.